ಅಕ್ಕ ಅಂಟಿಸಿದ ಹಾಳೆ

ನಮ್ಮಕ್ಕ ಈ ಊರಿನ ಮೊದಲ ಪತ್ರಕರ್ತೆ, ಮೊದಲ ಸಂಪಾದಕಿ, ಈಗ ನಗರಸಭೆಯ ಏಕೈಕ ಮಹಿಳಾ ಸದಸ್ಯೆ. ಸನ್ಮಾನಪತ್ರಗಳಲ್ಲಿ ಹೀಗೆಲ್ಲ ಬರೆಯುತ್ತಾರೆ. ಅವಳ ಭಾಷಣಗಳನ್ನು ಟೈಪ್ ಮಾಡಿ ಬೆರಳು ಸವೆಸಿಕೊಂಡ ತಂಗಿ ನಾನು. ಅವಳಂಥ ಹಟಮಾರಿ ಇನ್ನೊಬ್ಬಳಿಲ್ಲ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಮಂಗಳವಾರ ನಗರಸಭೆ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚುವ ಪ್ರಸ್ತಾಪ ಸಭೆಗೆ ಬಂತು. ಗುರುವಾರ ಮತ. ಅಕ್ಕ ನಲವತ್ತು ನಿಮಿಷ ಮಾತಾಡಿದಳು. ಪಕ್ಕದ ಊರಿನ ಆಸ್ಪತ್ರೆಗೆ ಎರಡು ಗಂಟೆ ದಾರಿ, ಈ ವಾರ್ಡ್ ಇಲ್ಲದ ಕಾಲದಲ್ಲಿ ಆ ದಾರಿಯಲ್ಲೇ ತೀರಿಹೋದ ಬಸುರಿಯರು ಯಾರ್‍ಯಾರು, ಎಲ್ಲ ಹೇಳಿದಳು. ನಾಲ್ವರು ಸದಸ್ಯರು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ, "ಪೇಪರಲ್ಲಿ ಬರಲಿ ಮೇಡಂ, ಜನ ಏನಂತಾರೆ ನೋಡ್ಕೊಂಡು ಕೈ ಎತ್ತೋಣ" ಎಂದರು.

ಬುಧವಾರ, ಅಕ್ಕ ಹಿಂದೆ ಸಂಪಾದಕಿಯಾಗಿದ್ದ ಊರ ಪತ್ರಿಕೆಯಲ್ಲಿ ಅವಳಿಗೆ ಮೂರು ಸಾಲು, ವಾರ್ಡ್ ಮುಚ್ಚಲು ಹೊರಟ ಅಧ್ಯಕ್ಷರಿಗೆ ಅರ್ಧ ಪುಟ. ನನಗೆ ಮೈಯೆಲ್ಲ ಉರಿಯಿತು. ಇಬ್ಬರೂ ಪತ್ರಿಕೆಯ ಕಚೇರಿಗೆ ಹೋದೆವು.

ಈಗಿನ ಸಂಪಾದಕನಿಗೆ ಕೆಲಸ ಕಲಿಸಿದವಳೇ ಅಕ್ಕ. ಅವನು ಗೋಡೆಯತ್ತ ಕೈ ತೋರಿಸಿದ. ಅಲ್ಲಿದ್ದ ಹಾಳೆಯ ಮೇಲೆ ಅಕ್ಕನದೇ ಅಕ್ಷರ: 'ಇಲ್ಲಿ ದುಡಿದು ರಾಜಕೀಯಕ್ಕೆ ಹೋದವರ ಸುದ್ದಿ ಮೂರು ಸಾಲು ಮೀರಕೂಡದು.' ಅವಳಿಗಿಂತ ಹಿಂದಿದ್ದ ಸಂಪಾದಕರು ಚುನಾವಣೆಗೆ ನಿಂತು ಪತ್ರಿಕೆಯನ್ನೇ ತಮ್ಮ ತುತ್ತೂರಿ ಮಾಡಿಕೊಂಡಿದ್ದರು. ಆ ಸಿಟ್ಟಿನಲ್ಲಿ ಅಕ್ಕ ಕುರ್ಚಿಗೆ ಬಂದ ದಿನವೇ ಇದನ್ನು ಬರೆದು ಅಂಟಿಸಿದ್ದಳು. ಗುರುವಿಗೇ ತಿರುಮಂತ್ರ ಅನ್ನುವುದು ಇದಕ್ಕೇ.

"ನಾನು ಕೀಳೋಕಾಗಲ್ಲ ಮೇಡಂ" ಎಂದ ಅವನು. "ನೀವೇ ಕಿತ್ತುಹಾಕಿ. ನಾಳೆ ಬೆಳಿಗ್ಗೆ ಮೊದಲನೇ ಪುಟದಲ್ಲಿ ಇಡೀ ಭಾಷಣ ಹಾಕ್ತೀನಿ."

ಹಾಳೆಯ ಒಂದು ಮೂಲೆ ಅಂಟು ಬಿಟ್ಟಿತ್ತು. ಅಕ್ಕ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಹೊರಗೆ ಬಂದುಬಿಟ್ಟಳು.

ಮೆಟ್ಟಿಲ ಮೇಲೇ ತಡೆದು ಕೇಳಿದೆ. "ಅಲ್ಲ ಕಣೇ, ನಿನಗೇನು ತಲೆ ಕೆಟ್ಟಿದೆಯಾ?"

"ನನಗೋಸ್ಕರ ನಾನೇ ಕಿತ್ತರೆ, ನಾಳೆ ಬರೋನು ಇಡೀ ಪೇಪರನ್ನೇ ಜೇಬಿಗೆ ಹಾಕ್ಕೊಳ್ತಾನೆ."

"ನೀನು ಸಾಚಾ ಅನ್ನಿಸಿಕೊಳ್ಳೋಕೆ ಊರಿನ ಹೆಂಗಸರೆಲ್ಲ ಬಸ್ಸಲ್ಲಿ ಹೆರಬೇಕಾ?"

ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲಿಳಿದಳು. ಮನೆಯವರೆಗೆ ನಾನೂ ಮುಖ ಊದಿಸಿಕೊಂಡೇ ನಡೆದೆ.

ಗುರುವಾರ ಎರಡೇ ಮತದಲ್ಲಿ ಸೋತೆವು. ಆ ನಾಲ್ವರೂ, "ಪೇಪರಲ್ಲೇನೂ ಬರಲಿಲ್ವಲ್ಲ ಮೇಡಂ" ಎನ್ನುತ್ತ ಅಧ್ಯಕ್ಷರ ಕಡೆಗೆ ಕೈ ಎತ್ತಿದರು.

ಶುಕ್ರವಾರ ಬೆಳಿಗ್ಗೆ ವಾರ್ಡಿನ ನರ್ಸಮ್ಮ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಬೀಗ ಹಾಕಲು ಜನ ಬಂದಿದ್ದಾರಂತೆ. ಒಳಗೆ ಇಬ್ಬರು ತುಂಬಿದ ಬಸುರಿಯರಿದ್ದಾರೆ, ಒಬ್ಬಳಿಗೆ ನೋವು ಶುರುವಾಗಿದೆ.

"ಎಲ್ಲಿಗೆ ಕಳಿಸ್ಲಿ ಅಮ್ಮ, ನೀವೇ ಹೇಳಿ."

ನಾನು ಕಾರಿನವನಿಗೆ ಫೋನ್ ಮಾಡಲು ಓಡಿದೆ. ತಿರುಗಿ ಬಂದಾಗ ಅಕ್ಕ ಇನ್ನೂ ಹೊಸ್ತಿಲಲ್ಲೇ ನಿಂತಿದ್ದಳು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು. 'ಹೇಳಿದ್ದೆನಲ್ಲ' ಎಂದು ಚುಚ್ಚಲು ಎರಡು ದಿನದಿಂದ ಕಾದಿದ್ದೆ. ಅವಳ ಮುಖ ನೋಡಿ, ಇನ್ನೊಂದು ಚಪ್ಪಲಿ ಹುಡುಕಿ ತಂದು ಅವಳ ಕಾಲ ಬಳಿ ಇಟ್ಟೆ.

"ಕೀಳಬೇಕಿತ್ತು ಕಣೇ" ಎಂದಳು ಅಕ್ಕ.