ಸಂತ ಬಾರ್ತಲೋಮಾಯನ ತೊಗಲು

ಚರ್ಮ ಹದ ಮಾಡುವವರಿಗೆ ಸಂತ ಬಾರ್ತಲೋಮಾಯನೇ ದಿಕ್ಕು. ಜೀವ ಇರುವಾಗಲೇ ಅವನ ತೊಗಲು ಸುಲಿದಿದ್ದರು. ಅದಕ್ಕೇ ಈ ನಂಟು. ಇದರಲ್ಲಿ ವೆನಿಸಿನ ಜುದೆಕ್ಕ ದ್ವೀಪದ ಯಾರಿಗೂ ವಿಚಿತ್ರವೇನೂ ಕಂಡದ್ದಿಲ್ಲ. ಅಲ್ಲಿನ ಚರ್ಮಗಾರರ ಸಂಘ ತನ್ನ ಬಲಿಪೀಠಕ್ಕೊಂದು ಎಣ್ಣೆಬಣ್ಣದ ಚಿತ್ರ ಬರೆದುಕೊಡಲು ಮುದುಕ ಚಿತ್ರಕಾರ ಜಕಾರಿಯನಿಗೆ ಹೇಳಿತು. ಕರಾರಿನಲ್ಲಿ ಒಂದು ಮಾತಿತ್ತು: ಚಿತ್ರ ಪೂರ್ತಿಯಾಗಿ ಅವನ ಸ್ವಂತ ಕೈಯದೇ ಆಗಿರಬೇಕು. ಇಲ್ಲದಿದ್ದರೆ ವಾಪಸು.

ಜಕಾರಿಯನ ಕಣ್ಣು ಎರಡು ವರ್ಷದಿಂದ ಮಂಜಾಗಿತ್ತು. ಇದು ಗೊತ್ತಿದ್ದದ್ದು ಮಗಳು ಒರ್ಸೆತ್ತಳಿಗೆ ಮಾತ್ರ. ಅವನದು ಹಳೇ ಕಾಲದ ಕುಂಚ. ಮುಕ್ಕಾಲು ಪಾಲು ಕತ್ತಲು, ಅದರೊಳಗಿಂದ ಒಂದು ಮುಖ, ಒಂದು ಭುಜ. ಕತ್ತಲು ಬಳಿಯಲು ಕಣ್ಣು ಅಷ್ಟೇನೂ ಬೇಕಾಗಲಿಲ್ಲ. ಸಂತನ ಮುಖವಂತೂ ನಲವತ್ತು ವರ್ಷದಿಂದ ಅವನ ಕೈಗೇ ಬಾಯಿಪಾಠ.

ಚಿತ್ರ ಮುಗಿದು ಸಂಘಕ್ಕೆ ತಂದಾಗ ಮೊದಲ ತಕರಾರು ಪಾದ್ರಿ ಲಿಬೆರಾಲೆಯದು.

"ಏನಪ್ಪಾ ಇದು, ಇದ್ದಲ ಗೂಡಿದ್ದಂಗಿದೆ? ಊರಲ್ಲೆಲ್ಲಾ ಈಗ ಗುಲಾಬಿ ಮೋಡ, ದುಂಡು ದುಂಡು ದೇವದೂತರು. ನಮ್ಮ ಸಂತ ಏನು ಪಾಪ ಮಾಡಿದ್ದ?"

ಎರಡನೆಯದು ಸಂಘದವರದು. ಸಂತನ ಸಂಕಟ ಅವರ ಕಣ್ಣಿಗೇ ಬೀಳಲಿಲ್ಲ. ಎಲ್ಲರೂ ಚಿತ್ರದಲ್ಲಿ ತೊಗಲು ಸುಲಿಯುವ ಕಟುಕನ ಕೈಯ ಚಾಕುವಿನ ಮುಂದೆ ಗುಂಪುಗಟ್ಟಿದರು.

"ಅಲಗು ನೆಟ್ಟಗೆ ಹಿಡ್ದಿದಾನೆ ನೋಡ್ರೋ! ತೊಗಲು ತೂತು ಬೀಳುತ್ತೆ."

"ಅಂಥ ತೊಗಲು ನನ್ನ ಅಂಗಳಕ್ಕೆ ತಂದ್ರೆ ಅವ್ನ ಮುಖಕ್ಕೇ ಎಸೀತೀನಿ."

ಇದರಲ್ಲಿ ಅಗೌರವವೇನೂ ಇರಲಿಲ್ಲ. ಒಳ್ಳೆಯ ತೊಗಲು ಹಾಳಾಗುವುದನ್ನು ಕಂಡು ಸುಮ್ಮನಿರಲು ಅವರಿಂದ ಆಗುತ್ತಿರಲಿಲ್ಲ, ಅಷ್ಟೆ.

ಆ ಚಾಕು ಬರೆಯುವಾಗ ಜಕಾರಿಯನಿಗೆ ಅದರ ಅಂಚೇ ಕಂಡಿರಲಿಲ್ಲ. ಚಿತ್ರವನ್ನು ಮನೆಗೆ ಹೊರಿಸಿಕೊಂಡು ಬಂದು ಕುಂಚವನ್ನು ಮಗಳ ಕೈಗಿತ್ತ. ಚಾಕು ಓರೆಯಾಯಿತು. ಮೇಲಿನ ಕತ್ತಲಿದ್ದಲ್ಲಿ ಗುಲಾಬಿ ಮೋಡ ಬಂತು, ಐದು ಪುಟ್ಟ ದೇವದೂತರೂ ಬಂದರು.

"ಹೇಗಿದೆ ಮಗಳೇ?"

"ಚೆನ್ನಾಗಿದೆ ಅಪ್ಪ. ಒಬ್ಬನಿಗೆ ಹೊಟ್ಟೆ ಸ್ವಲ್ಪ ಜಾಸ್ತಿ ಆಯ್ತು."

"ಇರ್ಲಿ ಬಿಡು. ಸ್ವರ್ಗದಲ್ಲಿ ಊಟಕ್ಕೇನು ಕಮ್ಮಿ?"

ನಕ್ಕನೇ ಹೊರತು ಅವನಿಗೆ ಭಯವಾಗಿತ್ತು. ಇದೇ ತನ್ನ ಕೊನೆಯ ಚಿತ್ರವೆಂದು ಅವನಿಗೆ ಗೊತ್ತು. ವಾಪಸಾದರೆ ಕಾರಣ ಊರಿಗೆಲ್ಲ ತಿಳಿಯುತ್ತದೆ. ನಲವತ್ತು ವರ್ಷದ ಕೆಲಸ ಹೋಗಿ ಕುರುಡ ಎಂಬ ಹೆಸರೊಂದೇ ಉಳಿಯುತ್ತದೆ.

ಸಂಘ ಮತ ಹಾಕುವ ದಿನ ಒರ್ಸೆತ್ತ ಅಪ್ಪನನ್ನು ಬಾಗಿಲವರೆಗೆ ಬಿಟ್ಟು ಹೊರಗೆ ನಿಂತಳು. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಮತಕ್ಕೆ ಮುಂಚೆ ಸಂಘದ ಹಿರಿಯ ತೊದಾರೊ ಚಿತ್ರ ಪರೀಕ್ಷಿಸಬೇಕು. ಅವನು ತೊಗಲನ್ನು ಯಾವಾಗಲೂ ಹೆಬ್ಬೆರಳಿನಿಂದಲೇ ನೋಡುವವನು. ಆ ಬೆರಳಿನ ತೀರ್ಪಿಗೆ ಎದುರಾಡಿದವರಿಲ್ಲ. ಬೆಂಚು ಹತ್ತಿ ಸಂತನ ಎದೆಯಿಂದ ಶುರು ಮಾಡಿದ. ಒರಟು ಬೆರಳು ಚಿತ್ರದ ಬಟ್ಟೆಯ ಮೇಲೆ ಕರಕರ ಸರಿಯುವುದು ಜಕಾರಿಯನಿಗೆ ಕೇಳಿಸಿತು. ಚಾಕುವಿನ ಹತ್ತಿರ ಸದ್ದು ನಿಂತಿತು. ಮೋಡದ ಹತ್ತಿರ ಮತ್ತೊಮ್ಮೆ ನಿಂತಿತು.

"ಹಾಕ್ರಪ್ಪಾ ಮತ," ಎಂದ ತೊದಾರೊ.

ಬಿಳಿ ಪೆಟ್ಟಿಗೆ ಒಪ್ಪಿಗೆಗೆ, ಹಸಿರು ಪೆಟ್ಟಿಗೆ ನಿರಾಕರಣೆಗೆ. ಯಾವುದಕ್ಕೆ ಬಿತ್ತೆಂದು ಯಾರಿಗೂ ಕೇಳಿಸಬಾರದೆಂದು ಮತವಾಗಿ ಹಾಕುವ ಗುಂಡುಗಳನ್ನು ಬಟ್ಟೆಯಲ್ಲೇ ಮಾಡಿರುತ್ತಾರೆ. ಕಣ್ಣಂತೂ ಇಲ್ಲ, ಈಗ ಕಿವಿಯೂ ಕೆಲಸಕ್ಕೆ ಬರಲಿಲ್ಲ. ಜಕಾರಿಯ ಬೆವರುತ್ತಾ ಕೂತ. ಕೊನೆಗೆ ಗುಮಾಸ್ತ ಕೂಗಿದ: ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಬಿಳಿ.

ಎಲ್ಲರೂ ವೈನ್ ಇಟ್ಟಿದ್ದ ಹಿಂದಿನ ಕೋಣೆಗೆ ನುಗ್ಗಿದರು. ತೊದಾರೊ ಮಾತ್ರ ಬಂದು ಜಕಾರಿಯನ ತೋಳು ಹಿಡಿದ.

"ಕೆಳಗೆ ಬಣ್ಣ ದಪ್ಪ, ಚಾಕು, ಮೋಡ ಎಲ್ಲಾ ತೆಳು. ಇದು ಎರಡು ಕೈ ಕಣಯ್ಯ. ಯಾರದು ಇನ್ನೊಂದು?"

ಜಕಾರಿಯನಿಗೆ ಸುಳ್ಳು ಹೇಳುವ ವಯಸ್ಸು ದಾಟಿತ್ತು.

"ನನ್ನ ಮಗಳದು. ನಂಗೆ ಕಣ್ಣು ಕಾಣಲ್ಲ."

ತೊದಾರೊ ಅವನ ಕಿವಿಯ ಹತ್ತಿರ ಬಗ್ಗಿದ.

"ಮೋಡ ಯಾವ ಬಣ್ಣ?"

"ಗುಲಾಬಿ ಅಂತ ಅವ್ಳು ಹೇಳಿದ್ಲು."

"ಹೌದಾ? ನಮ್ಮನೇಲೂ ಐದು ವರ್ಷದಿಂದ ತೊಗಲು ಹೆರೆಯೋದು ನನ್ನ ಸೊಸೆ. ಹೆಬ್ಬೆರಳು ಮಾತ್ರ ನಂದು. ಯಾರಿಗೂ ಹೇಳ್ಬೇಡ."

ಜಕಾರಿಯನಿಗೆ ಅಳು ಬಂತು, ಜೊತೆಗೆ ನಗುವೂ ಬಂತು. ಒಬ್ಬರ ತೋಳು ಒಬ್ಬರು ಹಿಡಿದು ಬಾಗಿಲಿಗೆ ಬಂದರು. ಅಲ್ಲಿಂದ ಮೆಟ್ಟಿಲು, ಅದರ ಕೆಳಗೆ ಕಾಲುವೆ.

"ಎಷ್ಟು ಮೆಟ್ಟಿಲು?" ಎಂದ ಜಕಾರಿಯ.

"ನಾನು ನಿನ್ನೇ ಕೇಳೋಣ ಅಂತಿದ್ದೆ."

ಒರ್ಸೆತ್ತ ಬಂದು ಕೈ ಹಿಡಿಯುವ ತನಕ ಇಬ್ಬರೂ ಅಲ್ಲೇ ನಿಂತು, ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಎಂದು ಮಾತಾಡಿಕೊಂಡರು.