ಏಳನೇ ಪಾಳಿಯ ಎಂಜಿನ್

ಸ್ವಲ್ಪ ಕೂತ್ಕೊಳ್ಳಿ, ಇದನ್ನ ಪೂರ್ತಿ ಕೇಳಿ, ಬೈಯೋದಿದ್ರೆ ಆಮೇಲೆ ಬೈಯಿರಿ. ಮಧ್ಯದಲ್ಲೇ ಎದ್ದು ಹೋದ್ರೆ ನನಗೆ ತಲೆ ಕೆಟ್ಟಿದೆ ಅನ್ಕೋತೀರ. ಪೂರ್ತಿ ಕೇಳಿದ್ರೂ ಹಾಗೇ ಅನ್ಕೋಬಹುದು, ಆದ್ರೆ ಕಾರಣ ಸಮೇತ ಅನ್ಕೋತೀರ.

‘ಏಳನೇ ಪಾಳಿ’ ಅಂತ ಒಂದು ಧ್ವನಿ ನಾಟಕ ಇದೆ, ಫೋನಲ್ಲಿ ಕೇಳೋದು. ಒಂದು ಚಂದ್ರನಿಂದ ಇನ್ನೊಂದು ಚಂದ್ರನಿಗೆ ಐಸ್ ಸಾಗಿಸೋ ಹಳೇ ನೌಕೆ. ಅದರಲ್ಲಿ ಒಬ್ಬನೇ ಒಬ್ಬ ವಯಸ್ಸಾದ ಕ್ಯಾಪ್ಟನ್. ರೇಡಿಯೋದಲ್ಲಿ ಅವನ ಜೊತೆ ಮಾತಾಡೋ ಒಬ್ಬಳು ಹುಡುಗಿ. ಅಷ್ಟೇ ಕಥೆ. ಯುದ್ಧ ಇಲ್ಲ, ರಾಕ್ಷಸರಿಲ್ಲ, ಐಸ್ ಕೂಡ ಕರಗಲ್ಲ. ಮಾಡ್ತಿರೋರು ಯಾರು ಅಂತ ಯಾರಿಗೂ ಗೊತ್ತಿಲ್ಲ, ಹೆಸರೇ ಹಾಕಲ್ಲ.

ಆದ್ರೆ ಆ ಎಂಜಿನ್ ಇದೆಯಲ್ಲ. ಕ್ಯಾಪ್ಟನ್ ಮಾತಿನ ಹಿಂದೆ ಅದು ಓಡ್ತಾನೇ ಇರುತ್ತೆ. ಗುಂಯ್ ಅಂತ ಶುರುವಾಗಿ, ದಡದಡ ಅಂತ ಏರಿ, ನಡುವೆ ಒಂದೊಂದ್ಸಲ ಎಡವುತ್ತೆ. ಎಡವಿದ ತಕ್ಷಣ ಕ್ಯಾಪ್ಟನ್ ಮಾತು ನಿಲ್ಲಿಸ್ತಾನೆ. ಆಮೇಲೆ ದನಿ ತಗ್ಗಿಸಿ ಏನಾದ್ರೂ ಒಂದು ಹೇಳ್ತಾನೆ ನೋಡಿ, ಅಲ್ಲಿ ನಮ್ಮೆಲ್ಲರ ಎದೆ ಝಲ್ ಅನ್ನುತ್ತೆ.

ನಮ್ಮೆಲ್ಲರ ಅಂದ್ರೆ ಅಭಿಮಾನಿಗಳ ಗುಂಪು. ಅದನ್ನ ನೋಡ್ಕೊಳ್ಳೋದು ನಾನು. ಯಾರೂ ಯಾರನ್ನೂ ‘ಕತ್ತೆ’ ಅನ್ನದ ಹಾಗೆ ಕಾಯೋದು ನನ್ನ ಕೆಲಸ. ಗುಂಪಲ್ಲಿ ‘ಡಾಕ್ಟರ್ ಬೋಲ್ಟು’ ಅಂತ ಒಬ್ಬರಿದ್ದಾರೆ. ಎಂಜಿನ್ ಎಡವೋದು ಕ್ಯಾಪ್ಟನ್ ಸುಳ್ಳು ಹೇಳಿದಾಗ ಮಾತ್ರ ಅನ್ನೋದು ಅವರ ಸಿದ್ಧಾಂತ. ‘ಟಾರ್ಚ್’ ಅನ್ನೋ ಇನ್ನೊಬ್ಬರು ಅದನ್ನ ಒಪ್ಪಲ್ಲ, ನೌಕೆಗೆ ಜೀವ ಇದೆ, ಅದಕ್ಕೆ ಎದೆನೋವು ಬರುತ್ತೆ ಅಂತಾರೆ. ನನ್ನದೂ ಒಂದು ಸಿದ್ಧಾಂತ ಇತ್ತು. ಒಂದು ಕಂತಲ್ಲಿ ಎಂಜಿನ್ ಆಚೆಯಿಂದ ಯಾರೋ ಕೂಗಿದ ಹಾಗೆ ಮಸುಕು ಸದ್ದು ಬರುತ್ತೆ. ಅದು ಬೇರೆ ಲೋಕದವರ ಕರೆ ಅಂತ ನಾನು ಉದ್ದಕ್ಕೆ ಬರೆದಿದ್ದೆ. ತುಂಬಾ ಜನ ಮೆಚ್ಚಿದ್ರು.

ಹೊಟ್ಟೆಪಾಡಿಗೆ ನಾನು ಸೋದರಮಾವನ ರಿಪೇರಿ ಅಂಗಡಿಲಿ ಫೋನ್ ಎತ್ತೋದು. ವಾಷಿಂಗ್ ಮಷಿನ್, ಫ್ರಿಜ್, ಫ್ಯಾನು. ಜನ ಫೋನ್ ಮಾಡಿ ಮಷಿನ್ ಥರ ಸದ್ದು ಮಾಡಿ ತೋರಿಸ್ತಾರೆ. ದೊಡ್ಡ ದೊಡ್ಡ ಮನುಷ್ಯರು ಫೋನಲ್ಲಿ ‘ಕರ್ರ್ ಕರ್ರ್’ ಅಂತಾರೆ, ನಾನು ‘ಬೆಲ್ಟ್ ಹೋಗಿದೆ ಸರ್’ ಅಂತೀನಿ. ‘ಇವಳ ಕಿವಿ ಇದ್ರೆ ಸಾಕು, ನನಗೆ ಸ್ಪ್ಯಾನರೇ ಬೇಡ’ ಅಂತ ಮಾವ ಗಿರಾಕಿಗಳ ಹತ್ರ ಕೊಚ್ಕೊಳ್ತಿದ್ದ. ಈ ಮಾತು ನೆನಪಿಟ್ಕೊಳ್ಳಿ.

ಮಾವನ ಸ್ವಂತ ಅಕ್ಕನ ಮನೆ, ಅಂದ್ರೆ ನಮ್ಮನೆ ಮಷಿನ್ ಮಾತ್ರ ಎಷ್ಟೋ ಕಾಲದಿಂದ ಕೆಟ್ಟಿತ್ತು. ಕೆಟ್ಟಿತ್ತು ಅಂದ್ರೆ ಓಡ್ತಿತ್ತು, ಓಡ್ತಾ ಓಡ್ತಾ ಸ್ನಾನದ ಮನೆ ಬಾಗಿಲ ತನಕ ನಡ್ಕೊಂಡು ಬರ್ತಿತ್ತು. ಅದಕ್ಕೆ ಅಮ್ಮ ಭಾನುವಾರ ಮಧ್ಯಾಹ್ನ ಅದರ ಮೇಲೆ ಹತ್ತಿ ಕೂತ್ಕೊಳ್ಳೋಳು, ಪೇಪರ್ ಹಿಡ್ಕೊಂಡು. ಅಡುಗೆಮನೆಲಿ ಏನಾದ್ರೂ ಉಕ್ಕಿದ್ರೆ ಇಳಿದು ಓಡೋಳು, ಸ್ಟೋವ್ ತಗ್ಗಿಸಿ ಮತ್ತೆ ಬಂದು ಹತ್ತೋಳು. ಆ ಗಲಾಟೆ ಕೇಳಕ್ಕಾಗ್ದೆ ನಾನು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ‘ಏಳನೇ ಪಾಳಿ’ಯ ಹಳೇ ಕಂತು ಕೇಳ್ತಿದ್ದೆ. ಎಂಜಿನ್ ಸದ್ದು ಜೋರಾಗಿ ಇಟ್ಕೊಂಡು.

ಗೊತ್ತಾಯ್ತಲ್ಲ. ನನಗೆ ಗೊತ್ತಾಗಿರಲಿಲ್ಲ.

ಕೊನೆಗೂ ಮಾವ ಒಂದು ದಿನ ಬಂದು ಬೇರಿಂಗ್ ಬದಲಾಯಿಸಿದ. ಮಷಿನ್ ಬೆಕ್ಕಿನ ಥರ ಸುಮ್ಮನಾಯ್ತು. ಓಡ್ತಿರೋ ಮಷಿನ್ ಮೇಲೆ ಒಂದು ನಾಣ್ಯ ನೆಟ್ಟಗೆ ನಿಲ್ಲಿಸಿ ತೋರಿಸಿದ. ಅಮ್ಮ ಕುರ್ಚಿ ಮೇಲೆ ಕೂತು, ಕಾಲು ಚಾಚಿ, ಬಿಸಿ ಕಾಫಿ ಬಿಸಿ ಇದ್ದಾಗಲೇ ಕುಡಿದಳು. ‘ಸೊಂಟ ನನ್ನದು ಅಂತ ಇವತ್ತು ಅನ್ಸಿತು’ ಅಂದಳು. ಮಾವ ಆ ವಾರವೆಲ್ಲ ಗಿರಾಕಿಗಳನ್ನ ಕರ್ಕೊಂಡು ಬಂದು ನಾಣ್ಯ ತೋರಿಸಿದ.

ಆಮೇಲೆ ಹೊಸ ಕಂತು ಬಂತು. ಎಂಜಿನ್ನೇ ಇಲ್ಲ. ಕ್ಯಾಪ್ಟನ್ ಎರಡು ಸಲ ಕೆಮ್ಮಿದ, ಅಷ್ಟೇ. ರೇಡಿಯೋ ಹುಡುಗಿ ಒಬ್ಬಳೇ ಮಾತಾಡಿ ಮುಗಿಸಿದಳು.

ಗುಂಪು ಹೊತ್ತಿ ಉರೀತು. ನೌಕೆ ಸತ್ತಿದೆ, ಕ್ಯಾಪ್ಟನ್‌ಗೆ ಇನ್ನೂ ಗೊತ್ತಿಲ್ಲ ಅಂತ ಟಾರ್ಚ್ ಬರೆದ್ರು, ಜೊತೆಗೊಂದು ಮೇಣದಬತ್ತಿ ಚಿತ್ರ. ಇಂಥ ಧೈರ್ಯದ ಕಲೆ ಹಿಂದೆ ಯಾರೂ ಮಾಡಿಲ್ಲ ಅಂತ ಇನ್ನೊಬ್ಬರು. ಹೆಡ್‌ಫೋನ್ ಕೆಟ್ಟಿದೆ ಅನ್ಕೊಂಡು ಒಬ್ಬರು ಹೊಸದು ತಗೊಂಡು ಬಂದು, ಅದೂ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳ ಆಡಿದ್ರು. ಡಾಕ್ಟರ್ ಬೋಲ್ಟು ಒಂದೇ ಸಾಲು ಬರೆದ್ರು: ‘ಕ್ಯಾಪ್ಟನ್ ಸುಳ್ಳು ಹೇಳೋದನ್ನ ಬಿಟ್ಟಿದ್ದಾರೆ. ಹಾಗಾಗಿ ಹೇಳಕ್ಕೆ ಏನೂ ಉಳಿದಿಲ್ಲ.’ ಅದನ್ನ ಓದಿ ನಾನೂ ಅತ್ತುಬಿಟ್ಟೆ.

ಕಣ್ಣು ಒರೆಸ್ಕೊಳ್ತಿದ್ದಾಗ ಯಾರೋ ಬಾಗಿಲು ತಟ್ಟಿದ್ರು. ಪಕ್ಕದ ಮನೆಯವಳು. ಹಲ್ಲಿನ ಡಾಕ್ಟರ್ ಹತ್ರ ಸಹಾಯಕಿ, ನಾವು ಹಲ್ಲಕ್ಕ ಅಂತ ಕರೀತೀವಿ. ಮನೇಲಿ ಅವಳು ಮತ್ತೆ ಅವಳ ಅಪ್ಪ, ಇಬ್ಬರೇ. ಆ ತಾತ ಮಾತಾಡಿದ್ದನ್ನ ನಾನು ಒಂದ್ಸಲವೂ ಕೇಳಿರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಿದ್ರೆ ತಲೆ ಆಡಿಸೋರು, ಅಷ್ಟೇ.

‘ಆಂಟಿ, ತಪ್ಪು ತಿಳ್ಕೋಬೇಡಿ’ ಅಂದಳು ಹಲ್ಲಕ್ಕ ಅಮ್ಮನಿಗೆ. ‘ನಿಮ್ಮ ಮಷಿನ್ ಮತ್ತೆ ಕೆಡಿಸ್ಕೊಳ್ಳಕ್ಕೆ ಆಗುತ್ತಾ?’

ಅಮ್ಮ ಅವಳನ್ನ ಮೇಲಿಂದ ಕೆಳಗೆ ನೋಡಿದಳು. ‘ಎಷ್ಟು ಕೆಡಿಸ್ಬೇಕಮ್ಮ?’

‘ಮೊದಲು ಎಷ್ಟು ಕೆಟ್ಟಿತ್ತೋ ಅಷ್ಟು.’

ಆಮೇಲೆ ಕೂತು ಎಲ್ಲ ಹೇಳಿದಳು. ತಾತ ಮೊದಲು ಹಡಗಿನ ಎಂಜಿನ್ ರೂಮಲ್ಲಿ ಕೆಲಸ ಮಾಡ್ತಿದ್ರಂತೆ. ಅಜ್ಜಿ ತೀರ್ಕೊಂಡ ಮೇಲೆ ಮಾತು ನಿಂತು ಹೋಯ್ತು. ಡಾಕ್ಟರ್‌ಗಳು ಗಂಟಲು ಚೆನ್ನಾಗಿದೆ ಅಂದ್ರು. ಒಂದು ಭಾನುವಾರ ತಾತ ಬಟ್ಟೆ ಬೀರು ಹತ್ರ ನಿಂತಿದ್ದಾಗ, ಗೋಡೆ ಆಚೆ ನಮ್ಮ ಮಷಿನ್ ಶುರುವಾಯ್ತು. ತಾತ ಗೋಡೆಗೆ ಕೈ ಇಟ್ಟು, ‘ಎಡಗಡೆ ಸಡಿಲ ಇದೆ, ನೋಡ್ಕೋಬೇಕು’ ಅಂದ್ರಂತೆ. ವರ್ಷ ಆದ ಮೇಲೆ ಬಂದ ಮಾತು. ಎಂಜಿನ್ ನಿಂತ್ರೆ ಮಾತೂ ನಿಲ್ಲೋದು. ಅವರು ಇನ್ನೂ ಮಾತಾಡ್ಲಿ ಅಂತ ಇವಳು ‘ಏಳನೇ ಪಾಳಿ’ಯ ನೌಕೆ ಕಟ್ಟಿದಳು, ಐಸ್ ತುಂಬಿದಳು, ಅವರನ್ನ ಕ್ಯಾಪ್ಟನ್ ಮಾಡಿದಳು, ತಾನು ಸ್ಟೀಲ್ ಲೋಟದೊಳಗೆ ಬಾಯಿಟ್ಟು ರೇಡಿಯೋ ಹುಡುಗಿ ಆದಳು. ತಾತನ್ನ ಬೀರು ಒಳಗೆ ಬಟ್ಟೆ ಮಧ್ಯೆ ಕೂರಿಸಿ ರೆಕಾರ್ಡು.

‘ಎಡವಿದಾಗ ಅಪ್ಪ ನಾನು ಬರೆದಿದ್ದನ್ನ ಬಿಟ್ಟು ತಮ್ಮದೇ ಏನೋ ಹೇಳ್ತಾರೆ’ ಅಂದಳು.

‘ಎಡವೋದು ಯಾವಾಗ?’ ಅಂದೆ ನಾನು.

ಅಮ್ಮ ಅಡುಗೆಮನೆ ಕಡೆ ನೋಡಿದಳು. ‘ನಾನು ಇಳಿದಾಗ.’

ಇನ್ನೊಂದು ಕೇಳಬಾರದಿತ್ತು, ಕೇಳಿದೆ. ಆ ಮಸುಕು ಕೂಗು.

‘ಅದು ಆಂಟಿ ನಿನ್ನನ್ನ ಕರೆದಿದ್ದು’ ಅಂದಳು ಹಲ್ಲಕ್ಕ. ‘ತುಂಬಾ ಹೊತ್ತು ಕರೆದ್ರು. ಅರ್ಧ ನಾನು ಕತ್ತರಿಸಿದೆ.’

‘ಈ ಕಿವಿ ಇಟ್ಕೊಂಡು ಅಂಗಡಿಲಿ ಸಂಬಳ ತಗೋತಾಳೆ’ ಅಂದಳು ಅಮ್ಮ.

ಹಳೇ ಸದ್ದನ್ನೇ ಹಾಕಿ ಅಂತ ನಾನು ಸಲಹೆ ಕೊಟ್ಟೆ. ಹಾಕಿ ನೋಡಿದ್ದಳಂತೆ. ತಾತ ಒಂದು ಗಳಿಗೆ ಕೇಳಿ, ‘ಇದು ಎಂಜಿನ್ ಅಲ್ಲ, ಎಂಜಿನ್ ಫೋಟೋ’ ಅಂದು ಬೀರಿಂದ ಇಳಿದು ಹೋದ್ರಂತೆ. ಆಮೇಲೆ ಬಾಯೇ ಬಿಟ್ಟಿಲ್ಲವಂತೆ.

ಅಮ್ಮ ಮಾತ್ರ ಬಗ್ಗಲಿಲ್ಲ. ‘ಪಾಪ ಅನ್ಸುತ್ತೆ ಕಣಮ್ಮ. ಆದ್ರೆ ನನ್ನ ಸೊಂಟವೂ ಪಾಪವೇ’ ಅಂದು ಕಳಿಸಿಬಿಟ್ಟಳು.

ಮುಂದಿನ ಭಾನುವಾರ ಮಷಿನ್ ಹಾಕಿ, ಕುರ್ಚಿಲಿ ಕೂತು, ಕಾಫಿ ಹಿಡ್ಕೊಂಡಳು. ಆಮೇಲೆ ಏನನ್ಸಿತೋ, ಹಲ್ಲಕ್ಕನ ಬಾಲ್ಕನಿಯಿಂದ ನಮ್ಮ ಕಡೆ ಬಿದ್ದಿದ್ದ ಒಂದು ಬಟ್ಟೆ ಕ್ಲಿಪ್ ಎತ್ಕೊಂಡು, ಇದನ್ನ ಕೊಟ್ಟು ಬರ್ತೀನಿ ಅಂತ ಹೋದಳು. ವಾಪಸ್ ಬಂದಾಗ ಕ್ಲಿಪ್ ಕೈಯಲ್ಲೇ ಇತ್ತು.

‘ಆ ಯಜಮಾನ್ರು ಬೀರು ಬಾಗಿಲು ತೆಗೆದು ಕೂತಿದ್ದಾರೆ ಕಣೇ’ ಅಂದಳು. ‘ಗೋಡೆಗೆ ಕೈ ಇಟ್ಕೊಂಡು.’

ಕಾಫಿ ಕುಡಿಯಲಿಲ್ಲ. ಬಾಗಿಲ ಹತ್ರ ಮಾವ ಬಿಟ್ಟು ಹೋಗಿದ್ದ ಹಳೇ ಶೂ ಇತ್ತು. ಅದರಲ್ಲಿ ಒಂದನ್ನ ಒದ್ದೆ ಟವೆಲ್ಲಲ್ಲಿ ಸುತ್ತಿ, ದಿಂಬಿನ ಚೀಲಕ್ಕೆ ತುರುಕಿ, ಗಂಟು ಹಾಕಿ ಮಷಿನ್ ಒಳಗೆ ಎಸೆದಳು. ಮಷಿನ್ ಒಂದ್ಸಲ ಯೋಚನೆ ಮಾಡಿತು. ಆಮೇಲೆ ದಡದಡ ಅಂತ ಬಾಗಿಲ ಕಡೆ ಹೊರಟಿತು. ಅಮ್ಮ ಸೀರೆ ಎತ್ತಿ ಕಟ್ಟಿ ಅದರ ಮೇಲೆ ಹತ್ತಿ ಕೂತಳು.

‘ಯಾರಿಗೂ ಬಾಯಿ ಬಿಡ್ಬೇಡ. ಬೇಕಂತ ಕೆಡಿಸಿದ್ದೀವಿ ಅಂತ ಆ ಯಜಮಾನ್ರಿಗೆ ಗೊತ್ತಾದ್ರೆ ಇದನ್ನೂ ಫೋಟೋ ಅಂತಾರೆ. ನಿನ್ನ ಮಾವನಿಗಂತೂ ಹೇಳಲೇಬೇಡ.’

ಮಾವನ ಬಾಯಿ ಮೈಕ್ ಸೆಟ್. ಅವನಿಗೆ ಹೇಳಿದ್ರೆ ಬೀದಿಗೆಲ್ಲ ಹೇಳಿದ ಹಾಗೆ.

ಮುಂದಿನ ಕಂತಲ್ಲಿ ಎಂಜಿನ್ ಬಂತು, ಕ್ಯಾಪ್ಟನ್ ಮಾತಾಡಿದ. ಗುಂಪಲ್ಲಿ ಹಬ್ಬ. ಟಾರ್ಚ್ ಮೇಣದಬತ್ತಿ ಚಿತ್ರ ತೆಗೆದ್ರು. ‘ಎಂಜಿನ್ ಈಗ ಕುಂಟ್ತಿದೆ, ನೌಕೆ ಗಾಯ ಮಾಡ್ಕೊಂಡು ಬದುಕಿ ಬಂದಿದೆ’ ಅಂತ ಬೋಲ್ಟು ಬರೆದ್ರು. ನಾನು ಶೂ ಸೈಜ್ ನೆನೆಸ್ಕೊಂಡು ಸುಮ್ಮನಿದ್ದೆ.

ಮಾವ ಸುಮ್ಮನಿರಲಿಲ್ಲ. ಇನ್ನೊಬ್ಬ ಗಿರಾಕಿಗೆ ನಾಣ್ಯ ತೋರಿಸಕ್ಕೆ ಅಂತ ಕರ್ಕೊಂಡು ಬರ್ತಿದ್ದಾಗ, ಮೆಟ್ಟಿಲಲ್ಲೇ ದಡದಡ ಕೇಳಿಸಿತು. ಗಿರಾಕಿ ಅಲ್ಲಿಂದಲೇ ವಾಪಸ್. ಅಷ್ಟರಲ್ಲಿ ಅಮ್ಮ ಶೂ ತೆಗೆದು ಬಚ್ಚಿಟ್ಟಿದ್ದಳು.

‘ಅಕ್ಕ, ಒಳಗೆ ಏನಾದ್ರೂ ಹಾಕಿದ್ಯಾ?’

‘ಬಟ್ಟೆ ಹಾಕಿದ್ದೆ.’

‘ಬರೀ ಬಟ್ಟೆನಾ?’

‘ವಾಷಿಂಗ್ ಮಷಿನ್‌ಗೆ ಇನ್ನೇನು ಹಾಕ್ತಾರೋ?’

ಅಕ್ಕ ಸುಳ್ಳು ಹೇಳಲ್ಲ ಅನ್ನೋದು ಮಾವನ ನಂಬಿಕೆ. ಬಿಚ್ಚಿದ, ಜೋಡಿಸಿದ, ಓಡಿಸಿದ. ಬೆಕ್ಕಿನ ಥರ ಇತ್ತು. ಹೋದ. ಭಾನುವಾರ ಮತ್ತೆ ದಡದಡ. ಮತ್ತೆ ಬಂದು ಇನ್ನೊಂದು ಬೇರಿಂಗ್ ಹಾಕಿದ. ಅಂಗಡಿಲಿ ನಗು ಕಡಿಮೆ ಆಯ್ತು. ‘ಕೈಗುಣ ಹೋಯ್ತು ಕಣೇ ನನ್ನದು’ ಅಂತ ಒಂದು ಮಧ್ಯಾಹ್ನ ಅಂಗೈ ನೋಡ್ಕೊಂಡು ಕೂತಿದ್ದ. ವಾಷಿಂಗ್ ಮಷಿನ್ ಅಂತ ಯಾರಾದ್ರೂ ಫೋನ್ ಮಾಡಿದ್ರೆ, ಬೇರೆ ಅಂಗಡಿ ನಂಬರ್ ಕೊಡು ಅನ್ನಕ್ಕೆ ಶುರು ಮಾಡಿದ.

ಈಗ ಕೊನೇ ಕಂತಿನ ದಿನ. ಬೀರು ಒಳಗೆ ತಾತ, ಹೊರಗೆ ಲೋಟ ಹಿಡಿದ ಹಲ್ಲಕ್ಕ, ಮಷಿನ್ ಮೇಲೆ ಅಮ್ಮ. ಹಾಲು ಉಕ್ಕೋ ವಾಸನೆ ಬಂತು, ಅಮ್ಮ ಇಳಿದು ಓಡಿದಳು. ಅದೇ ಗಳಿಗೆಗೆ ಮಾವ ಒಳಗೆ ಬಂದ, ಕೈಯಲ್ಲಿ ಟೂಲ್ ಚೀಲ. ಮಷಿನ್ ಓಡ್ತಿರುವಾಗಲೇ ಹಿಡೀಬೇಕು ಅಂತ ಬಂದಿದ್ದ. ನೇರವಾಗಿ ಸ್ವಿಚ್ಚಿಗೆ ಕೈ ಹಾಕಿದ.

ನಾನು ಹಾರಿ ಮಷಿನ್ ಮೇಲೆ ಕೂತೆ. ಸ್ವಿಚ್ಚಿಗೆ ಬೆನ್ನು ಕೊಟ್ಟು.

‘ಇಳಿಯೇ.’

‘ಇಳಿಯಲ್ಲ ಮಾವ.’

‘ಯಾಕೆ?’

‘ಸುಮ್ನೆ ಕೂತಿದ್ದೀನಿ.’

‘ಕೂರಕ್ಕೆ ಕುರ್ಚಿ ಇದೆ.’

‘ಇಲ್ಲಿ ಗಾಳಿ ಚೆನ್ನಾಗಿದೆ.’ ಸ್ನಾನದ ಮನೆ ಅದು, ಕಿಟಕಿ ಇಲ್ಲ.

ಮಾವ ನನ್ನ ಮುಖವನ್ನೇ ನೋಡಿದ. ಆಮೇಲೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. ನನ್ನ ಹಲ್ಲು ಕಟಕಟ ಅನ್ನೋ ಹಾಗೆ ಮಷಿನ್ ಓಡಿತು, ಓಡಿ ನಿಂತಿತು. ಅವನು ಟೂಲ್ ಚೀಲವನ್ನ ಅಲ್ಲೇ ಬಿಟ್ಟು ಎದ್ದು ಹೋದ.

ಕೊನೇ ಕಂತು ಬಂತು. ಎಂಜಿನ್ ಎಡವುತ್ತೆ. ಕ್ಯಾಪ್ಟನ್ ಸುಮ್ಮನಾಗ್ತಾನೆ. ಆಮೇಲೆ ನೌಕೆಗೆ ಹೇಳ್ತಾನೆ: ‘ಇನ್ನು ನೀನು ಮಲಗು. ನಾನು ಎದ್ದಿರ್ತೀನಿ.’ ಅದು ತಾನು ಬರೆದಿದ್ದಲ್ಲ ಅಂದಳು ಹಲ್ಲಕ್ಕ. ಆಸ್ಪತ್ರೆಲಿ ಅಜ್ಜಿಗೆ ತಾತ ದಿನಾ ಹೇಳ್ತಿದ್ದ ಮಾತಂತೆ. ಅದನ್ನ ಹೇಳಿ ಬೀರಿಂದ ಇಳಿದು ಬಂದು, ಮಷಿನ್ ನಿಂತ ಮೇಲೂ, ‘ಮುಂದಿನ ಪಾಳಿ ಯಾವಾಗ?’ ಅಂತ ಕೇಳಿದ್ರಂತೆ. ಯಾವ ಸದ್ದೂ ಇಲ್ದೆ ಆಡಿದ ಮೊದಲನೇ ಮಾತು. ಇನ್ನೊಂದು ಭಾಗ ಬರೀತಾ ಇದ್ದಾಳೆ.

‘ಕೊನೆಗೆ ಎಂಜಿನ್ ಹಗುರ ಆಯ್ತು’ ಅಂತ ಬೋಲ್ಟು ಬರೆದಿದ್ರು. ‘ಕ್ಯಾಪ್ಟನ್ ಎದೆಯ ಭಾರ ಇಳಿಸ್ಕೊಂಡ್ರು.’ ನಾನು ಅಮ್ಮನಿಗಿಂತ ತುಂಬಾ ತೂಕ ಕಡಿಮೆ ಇದ್ದೀನಿ. ಮೆಚ್ಚುಗೆ ಒತ್ತಿದೆ.

ಮಾರನೇ ದಿನ ಚೀಲ ತಗೊಂಡು ಹೋಗಕ್ಕೆ ಮಾವ ಬಂದ. ತಗೊಳ್ಳಲಿಲ್ಲ, ನನ್ನೆದುರು ನಿಂತ.

‘ನೀನು ಅದರ ಮೇಲೇ ಕೂತಿದ್ದೆ’ ಅಂದ. ‘ನಿನ್ನ ಕಿವಿ ಸುಳ್ಳು ಹೇಳಲ್ಲ. ಅದು ಏನು ಸದ್ದು? ನನ್ನ ಕೆಲಸದ ತಪ್ಪಾ? ಹೌದಾದ್ರೆ ಹೌದು ಅನ್ನು, ಮಷಿನ್ ಮುಟ್ಟೋದು ಬಿಡ್ತೀನಿ.’

ಅವನ ಬೆನ್ನ ಹಿಂದೆ ಅಮ್ಮ ನಿಂತಿದ್ದಳು, ದಿಂಬಿನ ಚೀಲ ಕೈಯಲ್ಲಿ, ಬೇಡ ಅಂತ ತಲೆ ಆಡಿಸ್ತಾ. ಗೋಡೆ ಆಚೆಯಿಂದ ತಾತ ಹಲ್ಲಕ್ಕನಿಗೆ ಏನೋ ಹೇಳ್ತಿರೋದು ಸಣ್ಣಗೆ ಕೇಳಿಸ್ತಿತ್ತು. ಮಾವ ನನ್ನ ಬಾಯನ್ನೇ ನೋಡ್ತಿದ್ದ.

ನೀವಾಗಿದ್ರೆ ಏನ್ ಹೇಳ್ತಿದ್ರಿ?