ನವಾಹೊ ಕಥೆಗೆ ಹೂಂಗುಟ್ಟಿದವರು

ನನ್ನ ಮೊಮ್ಮಗಳು ನೀಲಾಂಬಿಕೆ ಮೆಲ್ಬರ್ನಿನ ಕಾಲೇಜಿನಲ್ಲಿ ನವಾಹೊ ಭಾಷೆಯನ್ನು ಓದಲು ಸೇರಿದಳು. ಅದು ಅಮೆರಿಕದ ಮೂಲ ಜನರಲ್ಲಿ ಒಂದು ದೊಡ್ಡ ಬುಡಕಟ್ಟಿನವರು ಆಡುವ ಮಾತು. ಇದರಿಂದ ಯಾವ ನೌಕರಿ ಸಿಗುತ್ತದೆ ಎಂದು ಅವಳ ತಾಯಿ ಹೇಮಲತಾ ಕೇಳಿದಳು. ನಾನು ಬೇರೆ ಪ್ರಶ್ನೆ ಕೇಳಿದೆ.

"ನಮ್ಮ ಕನ್ನಡದಾಗ ಏನ ಕಡಿಮಿ ಆಗಿತ್ತವಾ ನಿನಗ?"

"ಕನ್ನಡಕ್ಕೆ ಎಕ್ಸಾಮ್ ಇಲ್ಲ ಅಜ್ಜಾ. ಎಕ್ಸಾಮ್ ಇಲ್ದಿದ್ರೆ ನಾನು ಓದಲ್ಲ. ಯು ನೋ ಮಿ."

ಧಾರವಾಡದಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ಬೇಸಗೆಗೊಮ್ಮೆ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಈ ಉತ್ತರದಲ್ಲಿ ತಪ್ಪು ಹುಡುಕಲಾಗಲಿಲ್ಲ.

ಇದು ೨೦೧೬ನೆಯ ಇಸವಿಯ ಮಾತು. ಹಿಂದಿನ ಕಾರ್ತಿಕದಲ್ಲಿ ನನ್ನ ಹೆಂಡತಿ ರುದ್ರಾಣಿ ಲಿಂಗೈಕ್ಯಳಾಗಿದ್ದಳು. ನಾನು ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತಿನಲ್ಲಿ ಮಗ ವಿರುಪಾಕ್ಷನ ಮನೆಯಲ್ಲಿದ್ದೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂತರೆ ಮನಸ್ಸು ನಿಲ್ಲುತ್ತಿತ್ತು. ಪೂಜೆ ಮುಗಿದ ಮೇಲಿನ ಹೊತ್ತೇ ದೊಡ್ಡದು. ಶಿವನು ಕರೆದುಕೊಂಡದ್ದನ್ನು ಪ್ರಶ್ನಿಸುವವನು ನಾನಲ್ಲ. ಆದರೂ ಚಹಾ ಎರಡು ಕಪ್ಪಿಗೆ ಸೋಸಿ, ಒಂದನ್ನು ತಿರುಗಿ ಪಾತ್ರೆಗೆ ಸುರಿಯುವುದು ನನಗೆ ರೂಢಿಯಾಗಿಬಿಟ್ಟಿತ್ತು.

ನವಾಹೊ ಕಲಿಸಲು ಅರಿಜೋನಾದಿಂದ ಎಟ್ಟಾ ಬೆನಾಲಿ ಎಂಬ ಹೆಂಗಸು ಒಂದು ಸೆಮಿಸ್ಟರಿನ ಮಟ್ಟಿಗೆ ಬಂದಿದ್ದಳು. ವಯಸ್ಸು ಅರವತ್ತರ ಮೇಲೆ. ಗಿಡ್ಡ ಆಳು, ಬೆಳ್ಳಿಯ ದಪ್ಪ ಕಡಗ, ನಿಧಾನ ಮಾತು. ಪಠ್ಯಕ್ರಮವನ್ನು ಮಾತ್ರ ಆಕೆ ಬರುವ ಮೊದಲೇ ಯಾರೋ ಬರೆದಿಟ್ಟಿದ್ದರು. ಅದರಂತೆ ಕೊನೆಯ ಪರೀಕ್ಷೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿ ಕಾಯೋಟಿಯ ಕಥೆಯೊಂದನ್ನು ಬಾಯಿಂದ ಹೇಳಬೇಕು. ಕಾಯೋಟಿ ಎಂದರೆ ಅತ್ತ ತೋಳವೂ ಅಲ್ಲ, ಇತ್ತ ನರಿಯೂ ಅಲ್ಲ, ಆ ಸೀಮೆಯ ಒಂದು ಪ್ರಾಣಿ. ಹೇಳಿದ್ದನ್ನು ರೆಕಾರ್ಡ್ ಮಾಡಿ ಸಿಡ್ನಿಯಲ್ಲಿರುವ ಎರಡನೆಯ ಪರೀಕ್ಷಕನಿಗೆ ಕಳಿಸಬೇಕು. ಪಾಸಾದವರು ಎಟ್ಟಾಳ ಜೊತೆ ಆರು ತಿಂಗಳು ಅವಳ ಊರಿನ ಕಾಲೇಜಿಗೆ ಹೋಗಬಹುದು. ನೀಲಾಳ ಜೀವವೆಲ್ಲ ಆ ಆರು ತಿಂಗಳ ಮೇಲಿತ್ತು.

ತೊಂದರೆಯೆಂದರೆ, ಎಟ್ಟಾ ಕಥೆಯನ್ನೇ ಕಲಿಸುತ್ತಿರಲಿಲ್ಲ. ಆ ಕಥೆಗಳು ಚಳಿಗಾಲದವು, ಹಾವುಗಳು ಮಲಗಿದ ಮೇಲೆಯೇ ಹೇಳತಕ್ಕವು. ಮಾರ್ಚಿನ ಸೆಕೆಯಲ್ಲಿ ನಾನು ಬಾಯಿ ತೆರೆಯಲಾರೆ ಎಂದಿದ್ದಳು.

"ಮಿಸ್, ಈ ದೇಶದ ಹಾವಿಗೆ ಟೈಮ್‌ಟೇಬಲ್ ಇಲ್ಲ," ಎಂದನಂತೆ ಕೆಲ್ವಿನ್. ಅವನು ಮಂಗಳೂರು ಕಡೆಯ ಕ್ರಿಶ್ಚಿಯನ್ನರ ಹುಡುಗ, ನೀಲಾಳ ಗೆಳೆಯ.

ಜೂನ್ ಬಂತು. ಇಲ್ಲಿ ಚಳಿ, ಅವಳ ಊರಿನಲ್ಲಿ ಕಡುಬೇಸಗೆ. ಯಾವ ಊರಿನ ಚಳಿಯನ್ನು ಹಿಡಿಯಬೇಕು? ಎಟ್ಟಾ ತನ್ನ ಅಣ್ಣನಿಗೆ ಫೋನ್ ಮಾಡಿದಳಂತೆ. ಆತ, "ನೀನು ನಿಂತ ನೆಲ ತಣ್ಣಗಿದೆಯೋ ಇಲ್ಲವೋ, ಅಷ್ಟು ನೋಡು," ಎಂದನಂತೆ. ಒಂದು ಮುಂಜಾನೆ ನಮ್ಮ ಹಿತ್ತಲ ಹುಲ್ಲಿನ ಮೇಲೆ ಬಿಳಿ ಮಂಜು ಹೆಪ್ಪುಗಟ್ಟಿತ್ತು. ನೀಲಾ ಅದರ ಫೋಟೋ ತೆಗೆದು ಕಳಿಸಿದಳು. ಅಂದೇ ಪಾಠ ಶುರುವಾಯಿತು. ಪರೀಕ್ಷೆಗೆ ಉಳಿದದ್ದು ಎರಡೇ ವಾರ.

ಹೀಗಾಗಿ ಮನೆಯಲ್ಲಿ ತಾಲೀಮು ಜೋರಾಯಿತು. ವಿರುಪಾಕ್ಷ, ಹೇಮಲತಾ ಕೆಲಸಕ್ಕೆ ಹೋಗುವವರು. ಕೇಳಲು ಉಳಿದವನು ನಾನು.

"ನಂಗೊಂದು ಶಬ್ದಾನೂ ತಿಳಿಯೂದಿಲ್ಲಲಾ," ಎಂದೆ.

"ಪರವಾಗಿಲ್ಲ ಅಜ್ಜಾ, ಸುಮ್ನೆ ಕೂತ್ಕೊಂಡು ಕೇಳಿ."

ಸುಮ್ಮನೆ ಕೂತು ಕಥೆ ಕೇಳುವುದು ನಮ್ಮ ಕಡೆಯವರಿಂದ ಆಗುವ ಕೆಲಸವಲ್ಲ. ಅವಳು ಒಂದು ವಾಕ್ಯ ಹೇಳಿ ಉಸಿರು ತೆಗೆದುಕೊಂಡಳು. ನನ್ನ ಬಾಯಿಂದ ತಾನಾಗಿಯೇ "ಹೂಂ" ಎಂದು ಬಂತು. ಅವಳು ನಕ್ಕು ಮುಂದಿನ ವಾಕ್ಯ ಹೇಳಿದಳು. ನಾನು ಮತ್ತೆ "ಹೂಂ" ಎಂದೆ. ಆ ಭಾಷೆಯಲ್ಲಿ ಮಾತು ಗಂಟಲಲ್ಲಿ ತಟ್ಟನೆ ನಿಂತು ಮತ್ತೆ ಹೊರಡುತ್ತದೆ. ದನಿ ಏರುತ್ತದೆ, ಇಳಿಯುತ್ತದೆ. ಅರ್ಥ ತಿಳಿಯದಿದ್ದರೂ ಎಲ್ಲಿ ಹೂಂ ಅನ್ನಬೇಕು ಎಂಬುದು ತಿಳಿಯುತ್ತಿತ್ತು. ಒಂದೆರಡು ದಿನಗಳಲ್ಲಿ ನಮ್ಮಿಬ್ಬರ ಗಾಡಿ ಹದವಾಗಿ ಓಡತೊಡಗಿತು. ಆ ಕಥೆ ಏನೆಂದು ನಾನು ಇಲ್ಲಿ ಬರೆಯುವುದಿಲ್ಲ. ಓದುವವರು ಇದನ್ನು ಯಾವ ಕಾಲದಲ್ಲಿ ಓದುತ್ತಾರೋ ನನಗೆ ಗೊತ್ತಿಲ್ಲ.

ಪರೀಕ್ಷೆಗೆ ಪ್ರತಿಯೊಬ್ಬರೂ ಮನೆಯ ಒಬ್ಬ ಹಿರಿಯರನ್ನು ಕರೆತರಬೇಕೆಂದು ಎಟ್ಟಾ ಹೇಳಿದ್ದಳು. ಯಂತ್ರದ ಮುಂದೆ ಕಥೆ ಹೇಳುವುದು ಆಕೆಗೆ ಸರಿಬರಲಿಲ್ಲ. ಕೆಲ್ವಿನ್ ತನ್ನ ದೊಡ್ಡಮ್ಮ ಆಗ್ನೆಸಳನ್ನು ಡ್ಯಾಂಡಿನಾಂಗಿನಿಂದ ಕರೆತಂದಿದ್ದ. ಆಕೆ ಜಪಸರ ಹಿಡಿದು ಕೂತವರು ಅರ್ಧ ಕಥೆಗೇ ನಿದ್ದೆ ಹೋದರು. ನಾನು ಕೋಟು ಹಾಕಿ, ಹಣೆಗೆ ವಿಭೂತಿ ಇಟ್ಟು, ಮೊದಲ ಸಾಲಿನಲ್ಲಿ ಕೂತೆ. ನೀಲಾ ಹೇಳಿದಳು, ನಾನು ಹೂಂಗುಟ್ಟಿದೆ. ಒಂದು ತಡವರಿಕೆಯೂ ಇಲ್ಲ. ಎಟ್ಟಾ ನಕ್ಕು ಇಬ್ಬರ ಕೈಯನ್ನೂ ಕುಲುಕಿದಳು. ರುದ್ರಾಣಿ ಇದ್ದಿದ್ದರೆ ಬೆಲ್ಲ ಹಂಚುತ್ತಿದ್ದಳು ಎಂದುಕೊಂಡು ಮನೆಗೆ ಬಂದೆ.

ಹತ್ತು ದಿನದ ಮೇಲೆ ಸಿಡ್ನಿಯಿಂದ ಇಮೇಲ್ ಬಂತು. ಓದುತ್ತ ಓದುತ್ತ ನೀಲಾಳ ಮುಖ ಇಷ್ಟಾಯಿತು.

"ಅಜ್ಜಾ, ಇದು ನಿಮ್ಮ ಬಗ್ಗೆ."

ಎರಡನೆಯ ಪರೀಕ್ಷಕರು ಡಾಕ್ಟರ್ ಹಾರ್ಗ್ರೀವ್. ಅವರು ಬರೆದದ್ದು ಇಷ್ಟು: ರೆಕಾರ್ಡಿಂಗಿನಲ್ಲಿ ಅಪರಿಚಿತ ಗಂಡಸೊಬ್ಬ ಪ್ರತಿ ವಾಕ್ಯದ ಕೊನೆಗೆ ವಿದ್ಯಾರ್ಥಿನಿಗೆ ಸಂಜ್ಞೆ ಕೊಡುತ್ತಿದ್ದಾನೆ. ಇದು ನೆರವು. ಅಂಕ ಕೊಡಲಾಗದು. ಬೇಕಾದರೆ ವಿದ್ಯಾರ್ಥಿನಿ ಸಿಡ್ನಿಗೆ ಬಂದು, ನನ್ನೆದುರು, ಒಬ್ಬಳೇ, ಮತ್ತೊಮ್ಮೆ ಹೇಳಲಿ.

ಮೂವತ್ತು ವರ್ಷ ಕಾಪಿ ಹಿಡಿದ ಮಾಸ್ತರ ನಾನು. ನನ್ನನ್ನೇ ಒಬ್ಬ ಹಿಡಿದಿದ್ದ. ಹೇಮಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನಗಬ್ಯಾಡವಾ. ಹುಡುಗಿ ವರ್ಷ ಹೋಗ್ತದ," ಎಂದೆ.

"ಇಲ್ರೀ ಮಾವಾರ, ನಿಮ್ಮನ್ನ ಅಪರಿಚಿತ ಗಂಡಸು ಅಂದಾನಲ್ರೀ, ಅದಕ್ಕ."

ನಗು ಅಲ್ಲಿಗೇ ನಿಂತಿತು. ಏಕೆಂದರೆ ಸಂಜೆ ನೀಲಾ ನನ್ನನ್ನು ಸುಮ್ಮನಿರಿಸಿ ಕಥೆ ಹೇಳಲು ನೋಡಿದಳು. ಎರಡನೆಯ ವಾಕ್ಯಕ್ಕೇ ನಿಂತಳು. ಮತ್ತೆ ಹೇಳಿದಳು, ಮತ್ತೆ ಅಲ್ಲೇ ನಿಂತಳು. ಮಾತು ಮರೆತಿರಲಿಲ್ಲ. ಆಚೆ ದಡದಲ್ಲಿ ಯಾರೂ ಇರಲಿಲ್ಲ, ಅಷ್ಟೆ. ನಾನು ಕಲಿಸಿಕೊಟ್ಟ ರೂಢಿಯೇ ಅವಳ ಕಾಲಿಗೆ ತೊಡಕಾಗಿತ್ತು.

ಶಾಲೆಗಳಿಗೆ ರಜೆ ಬಿಟ್ಟ ವಾರ ನಾನೂ ಅವಳೂ ಸಿಡ್ನಿಗೆ ಹೋದೆವು. ರೌಸ್ ಹಿಲ್‌ನಲ್ಲಿ ಹೇಮಲತೆಯ ತಮ್ಮ ಗಿರೀಶನ ಮನೆ. ಅವನು ಧಾರವಾಡದಲ್ಲಿ ನನ್ನ ಕೈಯಲ್ಲಿ ಓದಿದವನು. ಬೀಗನಾದರೂ ಇನ್ನೂ ಸರ್ ಎಂದೇ ಕರೆಯುತ್ತಾನೆ. ಅವನೇ ಕಾರಿನಲ್ಲಿ ಕಾಲೇಜಿಗೆ ಕರೆದೊಯ್ದ.

ಹಾರ್ಗ್ರೀವ್ ಎತ್ತರದ, ಸಣಕಲು ಮನುಷ್ಯ. ಹರೆಯದಲ್ಲಿ ಅರಿಜೋನಾದಲ್ಲಿದ್ದು ನವಾಹೊ ಕಲಿತವರಂತೆ. ನನ್ನ ಹಣೆಯನ್ನು ನೋಡಿ, "ನೀವೇ ಏನು ಆ ರೆಕಾರ್ಡಿಂಗಿನವರು?" ಎಂದರು.

"ಹೌದು," ಎಂದೆ.

"ದಯವಿಟ್ಟು ಹೊರಗೆ ಕೂತಿರಿ."

ಬಾಗಿಲು ಮುಚ್ಚಿತು. ತೆಳು ಬಾಗಿಲು, ಒಳಗಿನದು ಕೇಳುತ್ತಿತ್ತು. ನೀಲಾ ಮೊದಲ ವಾಕ್ಯ ಹೇಳಿದಳು. ನನ್ನ ಗಂಟಲಿಗೆ ಬಂದದ್ದನ್ನು ನುಂಗಿದೆ.

"ಸರ್ರ, ಕೆಮ್ಮಬ್ಯಾಡ್ರಿ ಮತ್ತ. ಕೆಮ್ಮಿದ್ರ ಅದಕ್ಕೂ ಮಾರ್ಕ್ಸ್ ಕಟ್ ಮಾಡ್ಯಾನು," ಎಂದು ಗಿರೀಶ ಪಿಸುಗುಟ್ಟಿದ.

ಎರಡನೆಯ ವಾಕ್ಯ. ಆಮೇಲೆ ಏನೂ ಇಲ್ಲ. ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸಿದೆ. ಒಳಗೆ ಪೆನ್ನು ಸರಸರ ಓಡುವ ಸದ್ದು ಮಾತ್ರ ಇತ್ತು.

ಆಗ ನೀಲಾ ಇಂಗ್ಲಿಷಿನಲ್ಲಿ ಹೇಳಿದಳು: "ಡಾಕ್ಟರ್, ಇಲ್ಲಿ ಯಾರೂ ಕೇಳ್ತಾ ಇಲ್ಲ. ಕೇಳೋರಿಲ್ಲದೆ ಇದನ್ನ ಹೇಳೋಕಾಗಲ್ಲ."

"ನಾನು ಕೇಳುತ್ತಿದ್ದೇನಲ್ಲ."

"ನೀವು ಬರೀತಿದ್ದೀರಿ. ಎಟ್ಟಾ ಇದನ್ನ ಬರೆಯೋರಿಗೆ ಹೇಳ್ಕೊಟ್ಟಿಲ್ಲ. ನಮ್ಮಜ್ಜಿ ಆಗಿದ್ರೆ ಹೂಂ ಅನ್ನದವರಿಗೆ ಕಥೆ ಇಲ್ಲ ಅಂತ ಎದ್ದು ಹೋಗ್ತಿದ್ರು. ಪೆನ್ ಕೆಳಗಿಡ್ತೀರಾ, ಪ್ಲೀಸ್?"

ಗಿರೀಶ ಹಣೆಗೆ ಕೈ ಹಚ್ಚಿಕೊಂಡ. "ಮುಗೀತ್ರಿ ಸರ್ರ. ಮಾಸ್ತರಿಗೇ ಪಾಠ ಹೇಳಾಕತ್ಯಾಳ."

ನನಗೂ ಮುಗಿಯಿತೆಂದೇ ಅನಿಸಿತು. ಆದರೆ ಅಜ್ಜಿಯ ಮಾತನ್ನು ಅವಳು ಮೊದಲ ಸಲ ಇಷ್ಟು ಗಟ್ಟಿಯಾಗಿ, ಅದೂ ಪರ ಊರಿನವನ ಮುಂದೆ ಆಡಿದ್ದು ಕೇಳಿ ಎದೆ ತುಂಬಿತು. ಒಳಗೆ ಮೇಜಿನ ಮೇಲೆ ಏನೋ ಇಟ್ಟ ಟಕ್ ಎಂಬ ಸದ್ದು.

ನೀಲಾ ಮೊದಲಿನಿಂದ ಶುರುಮಾಡಿದಳು. ಒಂದು ವಾಕ್ಯ. ಒಂದು ಗಳಿಗೆ. ಆಮೇಲೆ ದೊಡ್ಡ ಗಂಟಲೊಂದು ಸಂಕೋಚದಿಂದ, ಹೊಸದಾಗಿ ಈಜು ಕಲಿಯುವವರು ನೀರಿಗೆ ಕಾಲಿಟ್ಟ ಹಾಗೆ, "ಹ್ಮ್" ಎಂದಿತು. ಇನ್ನೊಂದು ವಾಕ್ಯ. "ಹ್ಮ್." ನಡುವೆ ಒಂದು ಕಡೆ ಆತ ಹೂಂಗುಟ್ಟುವ ಬದಲು ಗಹಗಹಿಸಿ ನಕ್ಕುಬಿಟ್ಟರು. ನಮ್ಮ ಮನೆಯಲ್ಲಿ ನೀಲಾ ಅದೇ ಜಾಗದಲ್ಲಿ ನಗುತ್ತಿದ್ದಳು. ಅಲ್ಲಿ ಏನಾಗುತ್ತದೆಂದು ನನಗೆ ಇಂದಿಗೂ ತಿಳಿಯದು. ಕಥೆ ನಿಲ್ಲದೆ ಕೊನೆ ಮುಟ್ಟಿತು.

ಬಾಗಿಲು ತೆರೆದು ಹಾರ್ಗ್ರೀವ್ ಹೊರಗೆ ಬಂದರು. ನಾನು ಎದ್ದು ನಿಂತೆ.

"ಮೆಲ್ಬರ್ನಿನ ರೆಕಾರ್ಡಿಂಗಿನ ಮೇಲೆ ನಾನೊಂದು ಆಕ್ಷೇಪ ಬರೆದಿದ್ದೆ," ಎಂದರು. "ಅದೇ ಅಪರಾಧವನ್ನು ಈಗ ನಾನೂ ಮಾಡಿದೆ. ಆಕ್ಷೇಪ ಹಿಂತೆಗೆದುಕೊಳ್ಳುತ್ತೇನೆ. ಅರಿಜೋನಾದಲ್ಲಿದ್ದಾಗ ನನ್ನನ್ನು ಮನೆಗೆ ಕರೆದು ಕಥೆ ಹೇಳಿದ ಮುದುಕನೊಬ್ಬ, ನೀನು ಕೇಳುವುದಿಲ್ಲ, ಬರೆಯುತ್ತೀ ಅಷ್ಟೆ ಎಂದು ಬೈದಿದ್ದ. ಆಗ ಅರ್ಥವಾಗಿರಲಿಲ್ಲ."

ಆಮೇಲೆ ಕೇಳಿದರು: "ಕೇಳುವವನಿಗೆ ನಿದ್ದೆ ಬಂದರೆ ಏನು ಮಾಡುತ್ತೀರಿ?"

"ಹೂಂ ನಿಲ್ಲುತ್ತದೆ. ಕಥೆಯೂ ನಿಲ್ಲುತ್ತದೆ," ಎಂದೆ. "ನನ್ನ ಹೆಂಡತಿ ಹಾಗೆಯೇ ನನ್ನನ್ನು ಹಿಡಿಯುತ್ತಿದ್ದಳು. ತಿವಿದು ಎಬ್ಬಿಸಿ, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು."

ಆತ ಮನಸಾರೆ ನಕ್ಕರು. ನಾನೂ ನಕ್ಕೆ. ರುದ್ರಾಣಿಯ ಮಾತೆತ್ತಿ ನಾನು ನಕ್ಕದ್ದು ಆ ಕಾರ್ತಿಕದ ಮೇಲೆ ಅದೇ ಮೊದಲು. ಹಿಂದೆಯೇ ಕಣ್ಣು ಒದ್ದೆಯಾಯಿತು. ಅದನ್ನು ಗಿರೀಶ ನೋಡಿಯೂ ನೋಡದವನಂತೆ ಕಾರಿನ ಕೀಲಿ ಹುಡುಕಿದ.

ನೀಲಾಳಿಗೆ ನಲವತ್ತಕ್ಕೆ ಮೂವತ್ತೊಂದು ಬಂತು. ಉಚ್ಚಾರದಲ್ಲಿ ದನಿಯ ಏರಿಳಿತ ಕೆಲವು ಕಡೆ ತಪ್ಪಿದೆ ಎಂದು ಷರಾ ಇತ್ತು. ಕಾರಿನಲ್ಲಿ ಎಟ್ಟಾಳಿಗೆ ಫೋನ್ ಮಾಡಿ ಕಿರುಚಿದಳು. ಆಚೆಯಿಂದ ಎಟ್ಟಾಳೂ ಕಿರುಚಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಾ, ಥರ್ಟಿವನ್! ಹ್ಯಾಪಿನಾ?" ಎಂದಳು.

"ಮಾರ್ಕು ಧಾರಾಳ ಕೊಟ್ಟಾನವಾ," ಎಂದೆ. "ನಾ ಆಗಿದ್ರ ಇಪ್ಪತ್ತೊಂಬತ್ತು ಹಾಕ್ತಿದ್ದೆ. ಪರೀಕ್ಷಕನ ಪೆನ್ನು ಕಸಗೊಂಡಿದ್ದಕ್ಕ ಎರಡು ಕಡಿಮಿ."